'ಆನ್' ತಪ್ಪಿದರೆ ನಗು, ಕನ್ನಡ ತಪ್ಪಿದರೆ?



ನಾನು ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್. 20 ವರ್ಷದಿಂದ ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುತ್ತಾ ಬಂದವನು. ನನ್ನ ಪ್ರೆಸ್ಸಿನಲ್ಲೇ ನಡೆದ ಒಂದು ಸಂಗತಿ ಕೇಳಿ.

ಒಬ್ಬರು ಮಗಳ ಮದುವೆಗೆ 500 ಕಾರ್ಡು ಮಾಡಿಸಲು ಬಂದರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. 'ಮದುವೆಯ ಸಂದರ್ಭದಲ್ಲಿ' ಎಂಬುದಕ್ಕೆ ನಾನು 'ಇನ್ ದಿ ಅಕೇಷನ್' ಎಂದು ಹಾಕಿದೆ. 'ಅಲ್ಲಿ' ಅಂದರೆ 'ಇನ್' ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ! ಕಾರ್ಡು ನೋಡಿ ಗಂಡಿನ ಕಡೆಯವರು ನಕ್ಕರಂತೆ. 'ಆನ್ ದಿ ಅಕೇಷನ್' ಆಗಬೇಕಿತ್ತು. ತಪ್ಪು ನನ್ನದು. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಡಲು ಒಪ್ಪಿದೆ.

ಆವತ್ತಿನಿಂದ ಈ 'ಆನ್' ಬೆನ್ನು ಹತ್ತಿದೆ. ಟೇಬಲ್ ಮೇಲೆ ಪುಸ್ತಕ ಇದ್ದರೆ 'ಆನ್', ಸರಿ. ಬೇಕೆಂದೇ ಮಾಡಿದರೆ 'ಆನ್ ಪರ್ಪಸ್'. ರಜೆಯಲ್ಲಿದ್ದರೆ 'ಆನ್ ಲೀವ್'. ನಡೆದು ಹೋದರೆ 'ಆನ್ ಫುಟ್'. ಹೋಟೆಲಿನವನು ಕಾಫಿಗೆ ದುಡ್ಡು ಬೇಡವೆಂದರೆ 'ಆನ್ ದಿ ಹೌಸ್'. ಅದಕ್ಕಾಗಿ ಮನೆ ಮೇಲೆ ಹತ್ತಬೇಕಿಲ್ಲ! ಹೇಳಿದ ಗಳಿಗೆಗೆ ಸರಿಯಾಗಿ ಬಂದರೆ 'ಆನ್ ಟೈಮ್', ತಡವಾಗುವ ಮುಂಚೆ ಬಂದರೆ 'ಇನ್ ಟೈಮ್'. ಇವಕ್ಕೆಲ್ಲ ಒಂದೇ ಸೂತ್ರವಿಲ್ಲ. ಒಂದೊಂದನ್ನೂ ಇಡಿಯಾಗಿ ನೆನಪಿಡಬೇಕು, ಅಷ್ಟೆ. ಶನಿವಾರ-ಭಾನುವಾರಕ್ಕೆ ಇಂಗ್ಲೆಂಡಿನವರು 'ಅಟ್ ದಿ ವೀಕೆಂಡ್' ಎನ್ನುತ್ತಾರೆ, ಅಮೆರಿಕದವರು 'ಆನ್ ದಿ ವೀಕೆಂಡ್'. ಆ ಭಾಷೆಯವರಲ್ಲೇ ಒಮ್ಮತವಿಲ್ಲದ ಮೇಲೆ, ಇಂಟರ್‌ವ್ಯೂನಲ್ಲಿ ನಿಮಗೇಕೆ ನಡುಕ?

ನಮ್ಮ 'ಮೇಲೆ'ಯೂ ಕಡಿಮೆಯದಲ್ಲ. ಊಟ ಆದ ಮೇಲೆ, ಇನ್ನು ಮೇಲೆ, ನಿಂತ ಕಾಲ ಮೇಲೆ, ಮೇಲೆ ಬಿದ್ದು ಮಾತಾಡಿಸುವುದು. ಇವನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ, ತಾಯಿಯ ಬಾಯಿಂದ ಬಂತು. ಹೊರಗಿನಿಂದ ಬಂದು ಕನ್ನಡ ಕಲಿಯುವವರು ಇಲ್ಲಿ ಎಡವಿದರೆ ನಾವು ಗೇಲಿ ಮಾಡುತ್ತೇವೆಯೇ? ಕಲಿಯುತ್ತಿದ್ದಾರಲ್ಲ ಎಂದು ಬೆನ್ನು ತಟ್ಟುತ್ತೇವೆ. ಇಂಗ್ಲಿಷ್ ಕಲಿಯುವ ನಮ್ಮ ಹುಡುಗರಿಗೆ ಮಾತ್ರ ಆ ರಿಯಾಯಿತಿ ಇಲ್ಲವೇ?

ಈಗ ಅಸಲು ಮಾತಿಗೆ ಬರುತ್ತೇನೆ. ಆ ಕಾರ್ಡನ್ನು ಎರಡನೇ ಸಲ ಅಚ್ಚಿಗೆ ಕೊಡುವಾಗ ಕನ್ನಡದ ಬದಿ ನೋಡಿದೆ. ದಪ್ಪಕ್ಷರದಲ್ಲಿ 'ವಿವಾಹ ಮಹೋಸ್ತವ' ಎಂದಿತ್ತು! ಆಗಬೇಕಿದ್ದದ್ದು 'ಮಹೋತ್ಸವ'. ನಾನು ನೋಡಿರಲಿಲ್ಲ. ಪ್ರೂಫಿಗೆ ಸಹಿ ಹಾಕಿದವರು ನೋಡಿರಲಿಲ್ಲ. ನಕ್ಕವರೂ ನೋಡಿರಲಿಲ್ಲ. ಎಲ್ಲರೂ ಕನ್ನಡದವರೇ! ಪುಟ್ಟ 'ಇನ್' ಕಂಡ ಕಣ್ಣಿಗೆ ದಪ್ಪಕ್ಷರದ ತಾಯ್ನುಡಿ ಕಾಣಲಿಲ್ಲ. ಆ ನಾಚಿಕೆಯ ಮುಂದೆ 500 ಕಾರ್ಡಿನ ನಷ್ಟ ಏನೂ ಅಲ್ಲ.

ಇಂಗ್ಲಿಷ್ ಬೇಡ ಎನ್ನುವವನು ನಾನಲ್ಲ. ಕೆಲಸಕ್ಕೆ ಬೇಕು, ಕಲಿಯಿರಿ. ತಪ್ಪಿದರೆ ತಿದ್ದಿಕೊಳ್ಳಿ, ತಲೆ ತಗ್ಗಿಸಬೇಡಿ. ಆದರೆ ನಿಮ್ಮ ಮನೆಯ ಕಾರ್ಡು, ಅಂಗಡಿಯ ಬೋರ್ಡು, ಸಂಘದ ಬ್ಯಾನರು ಅಚ್ಚಿಗೆ ಹೋಗುವ ಮುನ್ನ ಕನ್ನಡದ ಪ್ರೂಫನ್ನು ಎರಡು ಸಲ ಓದಿ. ನವೆಂಬರ್ 1ರಂದು ನಾವು ಹಿಡಿದ ಬ್ಯಾನರಿನಲ್ಲೇ 'ರಾಜ್ಯೋಸ್ತವ' ಎಂದಿದ್ದರೆ, ನಮ್ಮ ಜೈಕಾರಕ್ಕೆ ಏನು ಬೆಲೆ?