ಅಂಗಳದಲ್ಲಿ ನಿಂತ ಪಿಕಪ್ಪಿನ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಣ ಹಳ್ಳಿಗಳಲ್ಲಿ ಮನೆತನದ ಅನುಕೂಲಸ್ಥಿತಿಯನ್ನು ಅಳೆಯುವ ಅಳತೆಗೋಲು ಈಚೆಗೆ ಬದಲಾಗಿದೆ. ಹಿಂದೆ ಹಗೇವಿನಲ್ಲಿ ಎಷ್ಟು ಚೀಲ ಜೋಳವಿದೆ, ಕೊಟ್ಟಿಗೆಯಲ್ಲಿ ಎಷ್ಟು ಜೋಡಿ ಎತ್ತುಗಳಿವೆ ಎಂದು ಬೀಗರು ವಿಚಾರಿಸುತ್ತಿದ್ದರು. ಈಗ ಅಂಗಳದಲ್ಲಿ ಕೆಎ-33 ಅಂಕಿಯ ಪಿಕಪ್ಪೊಂದು ನಿಂತಿದ್ದರೆ ಹೆಚ್ಚಿನ ವಿಚಾರಣೆಯೇ ಬೇಕಿಲ್ಲ. ಹುಡುಗ ದುಡಿಯುತ್ತಾನೆ ಎಂದು ಎಲ್ಲರೂ ನಂಬುತ್ತಾರೆ. ಆ ಬಂಡಿಯಲ್ಲಿ ಅವನದೆಷ್ಟು, ಸಾಲ ಕೊಟ್ಟವರದೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ತಿಂಗಳ ಅಂಕಣದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕೆಂದು ನಮಗೆ ತೋರಿತು.

ಪಿಕಪ್ ನಮ್ಮ ಭಾಗಕ್ಕೆ ಬಂದದ್ದು ಸುಮ್ಮನೆ ಅಲ್ಲ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ನೀರು ಎಡದಂಡೆ ಕಾಲುವೆಯಲ್ಲಿ ಹರಿದ ಮೇಲೆ ಸುರಪುರ, ಶಹಾಪುರ ಸೀಮೆಯ ಕರಿಭೂಮಿಯ ಬದುಕೇ ಬದಲಾಯಿತು. ಜೋಳ, ಸಜ್ಜೆ ಬೆಳೆದ ಹೊಲಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ತುಂಬಿದವು. ಯಾದಗಿರಿಯ ಕಡೆ ಮಳೆಯನ್ನೇ ನಂಬಿದ ತೊಗರಿ, ಹೆಸರು, ಶೇಂಗಾ ಉಳಿದವು. ಮನೆಯಲ್ಲಿ ತಿನ್ನುವ ಧಾನ್ಯಕ್ಕೆ ಚಕ್ಕಡಿ ಸಾಕು. ಮಾರುವ ಬೆಳೆಗೆ ಪೇಟೆ ಬೇಕು, ಪೇಟೆಗೆ ಬಂಡಿ ಬೇಕು. ಹತ್ತಿ ರಾಯಚೂರಿಗೆ, ತೊಗರಿ ಕಲಬುರಗಿಗೆ, ಮೆಣಸಿನಕಾಯಿ ದೂರದ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗಬೇಕು. ಲಾರಿ ತುಂಬುವಷ್ಟು ಮಾಲು ಒಬ್ಬ ರೈತನಲ್ಲಿ ಇರುವುದಿಲ್ಲ. ಟ್ರ್ಯಾಕ್ಟರ್ ಅಷ್ಟು ದೂರ ಓಡುವುದಿಲ್ಲ. ಈ ನಡುವಣ ತೆರವಿನಲ್ಲಿ ಹಿಂದೆ ಮೆಟಡೋರ್ ಓಡುತ್ತಿತ್ತು. 2005ರಲ್ಲಿ ಟಾಟಾ ಏಸ್ ಬಂದಾಗ ಅದರ ಬೆಲೆ ಸುಮಾರು ಎರಡೂಕಾಲು ಲಕ್ಷ ರೂಪಾಯಿ. ಜನ ಅದನ್ನು ಪ್ರೀತಿಯಿಂದ ‘ಛೋಟಾ ಹಾಥಿ’ ಎಂದು ಕರೆದರು. ಬಳಿಕ ಹೆಚ್ಚು ಭಾರ ಹೊರುವ ಬೊಲೆರೊ ಪಿಕಪ್, ಅಶೋಕ ಲೇಲ್ಯಾಂಡ್‌ನ ದೋಸ್ತ್ ಮುಂತಾದವು ಬಂದವು.

ಇಂದು ಒಂದೂವರೆ ಟನ್ನಿನ ಆಸುಪಾಸಿನ ಭಾರ ಹೊರುವ ಪಿಕಪ್ಪನ್ನು ವಿಮೆ, ನೋಂದಣಿ, ಮೈಕಟ್ಟುಗಳೊಂದಿಗೆ ಮನೆಗೆ ತರುವಷ್ಟರಲ್ಲಿ ಹತ್ತು ಲಕ್ಷ ರೂಪಾಯಿಯ ಮಾತಾಗುತ್ತದೆ. ಬೆಲೆ ಏರಲು ಉಕ್ಕಿನ ದರವೊಂದೇ ಕಾರಣವಲ್ಲ. ಹೊಗೆಯ ನಿಯಮಗಳು ಬಿಗಿಯಾದವು. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಭಾರತ್ ಸ್ಟೇಜ್-4, 2020ರ ಏಪ್ರಿಲ್‌ನಿಂದ ನೇರವಾಗಿ ಭಾರತ್ ಸ್ಟೇಜ್-6 ಜಾರಿಗೆ ಬಂದಿತು. ಗಾಳಿ ಶುದ್ಧವಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಡನೆ ಡೀಸೆಲ್ ಬಂಡಿಯೊಳಗೆ ಮಸಿ ಹಿಡಿಯುವ ಫಿಲ್ಟರ್, ಹಲವು ಸೆನ್ಸರ್‌ಗಳು, ಕೆಲವು ಬಂಡಿಗಳಲ್ಲಿ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕು ಕೂಡ ಸೇರಿಕೊಂಡವು. ಇವು ಹೆದ್ದಾರಿಯಲ್ಲಿ ವೇಗವಾಗಿ ಓಡುವ ಬಂಡಿಗೆ ಹೊಂದುತ್ತವೆ. ಹೊಲದಿಂದ ಊರಿಗೆ, ಊರಿಂದ ಸಂತೆಗೆ ಎಂದು ಕೆಸರು ದಾರಿಯಲ್ಲಿ ನಿಧಾನವಾಗಿ ನಾಲ್ಕಾರು ಕಿಲೋಮೀಟರ್ ಓಡಿ ನಿಲ್ಲುವ ಬಂಡಿಯಲ್ಲಿ ಆ ಮಸಿ ಸುಟ್ಟುಹೋಗುವಷ್ಟು ಕಾವು ಬರುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಊರ ಮೇಸ್ತ್ರಿ ಪಾನಾ ಹಿಡಿದು ಮಾಡುತ್ತಿದ್ದ ದುರಸ್ತಿಯ ಕಾಲ ಮುಗಿಯಿತು. ಈಗ ಕಂಪ್ಯೂಟರ್ ಹಚ್ಚಿ ನೋಡುವವರ ಬಳಿ ಪಟ್ಟಣಕ್ಕೇ ಒಯ್ಯಬೇಕು. ಹೊಸ ಬಂಡಿ ಕೊಳ್ಳುವ ಮುನ್ನ ತಮ್ಮ ಓಡಾಟ ಎಂಥದೆಂದು ನೋಡಿಕೊಂಡು ಡೀಸೆಲ್ಲೋ ಪೆಟ್ರೋಲೋ ಎಂದು ನಿರ್ಧರಿಸುವುದು ಈ ಕಾರಣಕ್ಕಾಗಿ ಅವಶ್ಯವಾಗಿದೆ.

ತೆರಿಗೆಯ ವಿಷಯದಲ್ಲಿ ಒಂದು ಸಮಾಧಾನವಿದೆ. 2017ರ ಜುಲೈನಿಂದ ಸರಕು ವಾಹನಗಳ ಮೇಲಿದ್ದ ಶೇಕಡಾ 28ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿಸಲಾಯಿತು. ತೆರಿಗೆ ಸೇರುವ ಮುಂಚೆ ಎಂಟು ಲಕ್ಷ ಬೆಲೆಯ ಬಂಡಿಗೆ ಇದರಿಂದ ಎಂಬತ್ತು ಸಾವಿರ ಉಳಿಯುತ್ತದೆ. ಇದು ಚಿಕ್ಕ ಮೊತ್ತವಲ್ಲ. ಆದರೆ ಕೊಳ್ಳುವ ದಿನ ಉಳಿಸಿದ್ದನ್ನು ಸಾಲದ ಕಾಗದದ ಮೇಲೆ ಕಳೆದುಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಆದಕಾರಣ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ.

ಎಂಟು ಲಕ್ಷ ರೂಪಾಯಿ ಸಾಲ, ನಾಲ್ಕು ವರ್ಷ, ‘ಬಡ್ಡಿ ಬರೇ ಹನ್ನೆರಡು’ ಎಂದು ಏಜೆಂಟ್ ಹೇಳುತ್ತಾನೆ. ಹನ್ನೆರಡು ಎಂಬ ಅಂಕಿ ಒಂದೇ ಆದರೂ ಅದಕ್ಕೆ ಎರಡು ಮುಖಗಳಿವೆ. ತೀರಿಸಿದಂತೆಲ್ಲ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 21,067 ರೂಪಾಯಿ. ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ನಾಲ್ಕು ವರ್ಷವೂ ಬಡ್ಡಿ ಹಾಕುವ ಫ್ಲಾಟ್ ರೇಟಾದರೆ ಕಂತು 24,667 ರೂಪಾಯಿ. ತಿಂಗಳಿಗೆ ಮೂರು ಸಾವಿರದ ಆರುನೂರು ಎಂದರೆ ನಾಲ್ಕು ವರ್ಷಕ್ಕೆ ಒಂದು ಲಕ್ಷ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಅಂತರವಾಯಿತು. ಸರಕಾರ ಬಿಟ್ಟುಕೊಟ್ಟ ತೆರಿಗೆಯ ಎರಡು ಪಟ್ಟಿಗಿಂತ ಮಿಗಿಲು. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಆ ಪತ್ರವನ್ನು ಕೇಳಿ ಪಡೆಯುವುದಕ್ಕೆ ಸಂಕೋಚವೇಕೆ? ಜಾಮೀನಿಗೆಂದು ತಾಯಿಯ ಅಥವಾ ಹೆಂಡತಿಯ ರುಜು ಹಾಕಿಸುವ ಮನೆಗಳಲ್ಲಿ ಆ ಪತ್ರವನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು. ರುಜು ಹಾಕಿದವರು ಸಾಲಕ್ಕೆ ಸಮಾನ ಬಾಧ್ಯರು.

ಇನ್ನು ಓಡಿಸುವ ಖರ್ಚು. ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ನೂರು ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ಲೀಟರಿಗೆ ಹನ್ನೆರಡೂವರೆ ಕಿಲೋಮೀಟರ್ ಕೊಟ್ಟರೆ ಇನ್ನೂರು ಲೀಟರ್ ಡೀಸೆಲ್ ಬೇಕು. ಲೀಟರಿಗೆ ತೊಂಬತ್ತು ರೂಪಾಯಿಯಂತೆ ಹದಿನೆಂಟು ಸಾವಿರ. ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿಸಲಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಡ್ರೈವರಿಗೆ ಹದಿನೈದು ಸಾವಿರ. ಮನೆಯ ಮಗನೇ ಓಡಿಸಿದರೂ ಈ ಸಂಬಳವನ್ನು ಬರೆದುಕೊಳ್ಳಬೇಕು, ಅವನ ದುಡಿಮೆ ಪುಕ್ಕಟೆಯಲ್ಲ. ಟೈರು, ಆಯಿಲ್, ದುರಸ್ತಿಗೆ ಐದು ಸಾವಿರ ತೆಗೆದಿಡಬೇಕು. ವಿಮೆ, ತೆರಿಗೆ, ಎಫ್‌.ಸಿ.ಗಳಿಗೆ ತಿಂಗಳಿಗೆ ನಾಲ್ಕು ಸಾವಿರ. ಏಳೂವರೆ ಟನ್ನಿನೊಳಗಿನ ಬಾಡಿಗೆ ಸರಕು ವಾಹನಕ್ಕೆ ಮೂರನೆಯವರ ವಿಮೆಯ ಕಂತೊಂದೇ 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 16,049 ರೂಪಾಯಿ. ಕಡಿಮೆ ಬಡ್ಡಿಯ ಕಂತನ್ನೇ ಹಿಡಿದರೂ ಒಟ್ಟು ಅರವತ್ತಮೂರು ಸಾವಿರ ದಾಟಿತು. ಕಿಲೋಮೀಟರಿಗೆ ಇಪ್ಪತ್ತೈದು ರೂಪಾಯಿ. ಅದರಲ್ಲಿ ಡೀಸೆಲ್ಲಿನ ಪಾಲು ಏಳು ರೂಪಾಯಿ ಚಿಲ್ಲರೆ ಮಾತ್ರ.

ಈ ಏಳು ರೂಪಾಯಿಯ ಮಾತನ್ನು ನಮ್ಮ ಬಂಧುವರ್ಗದವರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥನೆ. ಮನೆಯಲ್ಲಿ ಪಿಕಪ್ ಇದೆ ಎಂದರೆ ಅದು ಇಡೀ ಓಣಿಯ ಪಿಕಪ್ ಆಗುತ್ತದೆ. ‘ಡೀಸೆಲ್ ನಾವ ಹಾಕಸ್ತೀವಿ, ಗಾಡಿ ಅಷ್ಟ ಕಳಸ್ರಿ ಕಾಕಾ’ ಎಂದು ಮದುವೆಯ ಸಾಮಾನಿಗೆ, ಮನೆ ಕಟ್ಟುವ ಮರಳಿಗೆ, ಬೀಗರ ಊರಿಗೆ ಒಯ್ಯುತ್ತಾರೆ. ಡೀಸೆಲ್ ಹಾಕಿಸಿದವರು ಉಪಕಾರ ಮಾಡಿದೆವೆಂದುಕೊಳ್ಳುತ್ತಾರೆ. ಉಳಿದ ಹದಿನೆಂಟು ರೂಪಾಯಿ ಕೊಟ್ಟವನ ಬಾಯಿ ಮಾತ್ರ ಕಟ್ಟಿರುತ್ತದೆ. ಮಠದ ದಾಸೋಹಕ್ಕೆ ಧಾನ್ಯ ಒಯ್ಯುವುದು ಬೇರೆ ಮಾತು. ಅದು ಅವನು ತಾನಾಗಿ ಸಲ್ಲಿಸುವ ಸೇವೆ. ನೆಂಟಸ್ತಿಕೆಯ ಬಾಡಿಗೆಯನ್ನು ಅರ್ಧವಾದರೂ ಕೊಡುವ ರೂಢಿ ಬಂದರೆ ನೆಂಟಸ್ತಿಕೆಯೂ ಉಳಿದೀತು.

ಮೇಲಿನ ಲೆಕ್ಕದಂತೆ ದಿನಕ್ಕೆ ಎರಡೂವರೆ ಸಾವಿರ ದುಡಿದರೆ ಖರ್ಚಿಗೆ ಸರಿಹೋದೀತು, ಮನೆಗೆ ಏನೂ ಬಾರದು. ಅದೂ ಹನ್ನೆರಡು ತಿಂಗಳು ಕೆಲಸವಿದ್ದಾಗಿನ ಮಾತು. ನಮ್ಮಲ್ಲಿ ಹತ್ತಿ ಬಿಡಿಸುವ ಕಾಲದಿಂದ ಮೆಣಸಿನಕಾಯಿ ಒಣಗುವವರೆಗೆ ಬಂಡಿಗೆ ಪುರುಸೊತ್ತಿಲ್ಲ. ಬೇಸಿಗೆ ಬಲಿತಿತೆಂದರೆ ಬೇವಿನ ನೆರಳಿನಲ್ಲಿ ನಿಲ್ಲುತ್ತದೆ. ನಾಲ್ಕು ತಿಂಗಳು ನಿಂತರೆ ಡೀಸೆಲ್ ಉಳಿಯಬಹುದು, ಕಂತು ಮತ್ತು ವಿಮೆ ಉಳಿಯವು. ಒಂದು ಲಕ್ಷ ರೂಪಾಯಿ ಉಳಿದ ಇನ್ನೂರು ದಿನಗಳ ಮೇಲೆ ಬೀಳುತ್ತದೆ. ದಿನಕ್ಕೆ ಇನ್ನೈದುನೂರು. ಮಳೆ ಕೈಕೊಟ್ಟ 2023ರಂತಹ ವರ್ಷದಲ್ಲಿ ಹೊರುವ ಮಾಲೇ ಇರುವುದಿಲ್ಲ. ಮಾಲಿದ್ದರೂ ದರ ಬಿದ್ದರೆ ಬಾಡಿಗೆ ಬಾಕಿ ನಿಲ್ಲುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದುದನ್ನು ಓದುಗರು ಮರೆತಿರಲಾರರು. ರೈತನ ಕೈಗೆ ಹಣ ಬಾರದಿದ್ದರೆ ಬಂಡಿಯವನಿಗೆ ಎಲ್ಲಿಂದ ಬರಬೇಕು? ಕಂತಿನ ತಾರೀಖು ಮಾತ್ರ ತಪ್ಪದೆ ಬರುತ್ತದೆ.

ಈ ಒತ್ತಡದಲ್ಲಿಯೇ ಬಂಡಿಯವನು ಮಾಡಬಾರದ ಕೆಲಸಕ್ಕೆ ಕೈ ಹಾಕುತ್ತಾನೆ. ಒಂದೂವರೆ ಟನ್ನಿನ ಬಂಡಿಗೆ ಎರಡೂವರೆ ಟನ್ ಹೇರುತ್ತಾನೆ. 2019ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಹೆಚ್ಚು ಭಾರಕ್ಕೆ ಇಪ್ಪತ್ತು ಸಾವಿರ, ಮೇಲೆ ಟನ್ನಿಗೆ ಎರಡು ಸಾವಿರ ದಂಡವೆಂದು ಕಾನೂನು ಹೇಳುತ್ತದೆ. ಇದಕ್ಕಿಂತ ಭಯಂಕರವಾದುದು ಜನರನ್ನು ಹೇರುವುದು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳು ನಸುಕಿನಲ್ಲಿ ಪಿಕಪ್ಪಿನ ಹಿಂಬದಿಯಲ್ಲಿ ನಿಂತು ಹೋಗುವ ದೃಶ್ಯ ನಮ್ಮ ಎಲ್ಲ ರಸ್ತೆಗಳಲ್ಲೂ ಇದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ, ತಿಂಥಣಿಯ ಮೌನೇಶ್ವರನ ಜಾತ್ರೆಗೆ ಮಕ್ಕಳುಮರಿ ಸಮೇತ ಹೋಗುವುದೂ ಹೀಗೆಯೇ. 2025ರ ಜನವರಿ 22ರಂದು ಯಲ್ಲಾಪುರದ ಘಟ್ಟದಲ್ಲಿ ತರಕಾರಿ ಲಾರಿ ಉರುಳಿ, ಮಾಲಿನ ಜೊತೆ ಕುಳಿತಿದ್ದ ಸವಣೂರಿನ ಹತ್ತು ಮಂದಿ ವ್ಯಾಪಾರಿಗಳು ತೀರಿಕೊಂಡರು.

ಜೀವಹಾನಿಯ ಮುಂದೆ ಹಣದ ಮಾತು ಸಣ್ಣದು. ಆದರೂ ಹೇಳಲೇಬೇಕಾಗಿದೆ, ಏಕೆಂದರೆ ‘ಇನ್ಸೂರನ್ಸ್ ಐತಿ’ ಎಂಬ ಧೈರ್ಯದಿಂದಲೇ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಆಶಾರಾಣಿ ಪ್ರಕರಣದಲ್ಲಿ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ತೀರ್ಪಿತ್ತಿದೆ. ಮಾಲಿನ ಜೊತೆ ಬರುವ ಮಾಲಿನ ಒಡೆಯ, ಬಂಡಿಯ ಡ್ರೈವರ್ ಮತ್ತು ಕೆಲಸಗಾರರಿಗೆ ಕಾನೂನಿನ ಆಸರೆ ಉಂಟು, ಉಳಿದವರಿಗಿಲ್ಲ. ಕೆಲವೊಮ್ಮೆ ಕಂಪನಿಯೇ ಮೊದಲು ಕೊಡುವಂತೆ ಆದೇಶವಾದರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡುವ ಹಕ್ಕು ಅದಕ್ಕೆ ಇರುತ್ತದೆ. ಅಂದರೆ ಮೂರು ನೂರು ರೂಪಾಯಿಯ ಆಸೆಗೆ ಒಂದು ಕಡೆ ಕೂಲಿಯ ಮನೆ ಅನಾಥವಾಗುತ್ತದೆ, ಇನ್ನೊಂದು ಕಡೆ ಬಂಡಿಯವನ ಹೊಲ ಹರಾಜಿಗೆ ಬರುತ್ತದೆ. ಕೂಲಿಗೆ ಕರೆಯುವ ಹೊಲದ ಯಜಮಾನರೂ ಇದರಲ್ಲಿ ಪಾಲುದಾರರು. ಆಳುಗಳಿಗೆ ಕ್ರೂಸರ್ ಮಾಡಿ ಎಂದು ಹೇಳುವ, ಅದರ ಬಾಡಿಗೆ ಕೊಡುವ ಮನಸ್ಸು ಅವರಿಗೆ ಬರಬೇಕು.

ಲೈಸೆನ್ಸಿನ ಬಗೆಗೆ ಒಂದು ಮಾತು. ಕಾರಿನ ಲೈಸೆನ್ಸ್ ಇದ್ದವನು ಏಳೂವರೆ ಟನ್ನಿನೊಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು 2017ರ ತೀರ್ಪನ್ನು ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ.

ಹಾಗಾದರೆ ಪಿಕಪ್ ಕೊಳ್ಳಲೇಬಾರದೆ? ಹಾಗೆ ಹೇಳುವವರು ನಾವಲ್ಲ. ಕಾಯಕಕ್ಕೆ ಸಾಧನ ಬೇಕು. ಖಾತ್ರಿ ಕೆಲಸ ಇನ್ನೂರು ದಿನಕ್ಕೆ ಕಡಿಮೆ ಇರುವವರು ಬಾಡಿಗೆಗೆ ಬಂಡಿ ಕರೆಸಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ಊರೊಳಗಿನ ಹಾಲು, ಕಾಯಿಪಲ್ಲೆ, ಕಿರಾಣಿಗೆ ಓಡುವವರಿಗೆ ಹತ್ತು ಲಕ್ಷದ ಬಂಡಿ ಬೇಕಿಲ್ಲ. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೊ ಎಂಬ ಮುಕ್ಕಾಲು ಟನ್ನಿನ ಪೆಟ್ರೋಲ್ ಬಂಡಿಯ ಆರಂಭದ ಬೆಲೆ ನಾಲ್ಕು ಲಕ್ಷದೊಳಗಿತ್ತು. ಅಣ್ಣತಮ್ಮಂದಿರು ಕೂಡಿ ಒಂದನ್ನು ಕೊಳ್ಳಬಹುದು, ಲೆಕ್ಕದ ಪುಸ್ತಕವನ್ನು ಮನೆಯ ಸೊಸೆಯ ಕೈಗೆ ಕೊಡುವುದಾದರೆ. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಸರಕು ವಾಹನಕ್ಕೆ ಅರ್ಧ ಬೆಲೆ, ಗರಿಷ್ಠ ಮೂರು ಲಕ್ಷದವರೆಗೆ ಸಹಾಯಧನ ಕೊಡುವ ಪ್ರಕಟಣೆಗಳು ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಿಂದಲೂ ಬಂದಿವೆ. ಆದಾಯಮಿತಿಯೊಳಗಿನ ನಿರುದ್ಯೋಗಿ ತರುಣರು ಅರ್ಜಿ ಕರೆದಾಗ ಸೇವಾಸಿಂಧುವಿನಲ್ಲಿ ಹಾಕಬೇಕು. ಆದರೆ ಬೀಗರಿಂದ ಪಿಕಪ್ ಕೇಳುವುದು ಮಾತ್ರ ಬೇಡ. ವರದಕ್ಷಿಣೆಗೆ ಚಕ್ರ ಹಚ್ಚಿದರೂ ಅದು ವರದಕ್ಷಿಣೆಯೇ. ಕಂತನ್ನು ಹುಡುಗಿಯ ತಂದೆ ಕಟ್ಟುತ್ತಿದ್ದಾನೆ ಎಂದು ಹೇಳಿಕೊಳ್ಳುವ ಅಳಿಯಂದಿರಿಗೆ ನಾಚಿಕೆಯಾಗಬೇಕು.

ಹಳೆಯ ಬಂಡಿ ಕೊಳ್ಳುವವರು, ಮಾರುವವರು ಒಂದನ್ನು ನೆನಪಿಡಬೇಕು. ನಮ್ಮಲ್ಲಿ ಕೈಗೆ ಹಣ ಬಂದೊಡನೆ ಬೀಗದ ಕೈ ಕೊಟ್ಟುಬಿಡುತ್ತಾರೆ, ಆರ್‌.ಸಿ. ಪುಸ್ತಕದಲ್ಲಿ ಹಳೆಯ ಹೆಸರೇ ಇರುತ್ತದೆ. ಬಂಡಿ ನಾಲ್ಕು ಕೈ ದಾಟಿ ಅಪಘಾತವಾದರೂ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರಕ್ಕೆ ಅವರೇ ಬಾಧ್ಯರು ಎಂದು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಬಂಡಿ ಮಾರಿ ಮೂರು ವರ್ಷವಾದ ಮೇಲೆ ಕೋರ್ಟಿನ ನೋಟೀಸು ಬಾಗಿಲಿಗೆ ಬರುವುದು ಹೀಗೆ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ್ದರೆ ಫೈನಾನ್ಸಿನ ಹೆಸರು ತೆಗೆಸಲು ಫಾರಂ 35. ಮಾರುವವರು ಇವನ್ನು ಆರ್‌.ಟಿ.ಓ. ಕಚೇರಿಗೆ ಸಲ್ಲಿಸಿ, ಸ್ವೀಕೃತಿಯನ್ನು ಪಡೆದ ಮೇಲೆಯೇ ಬೀಗದ ಕೈ ಕೊಡಬೇಕು.