ಬಿದ್ದವರ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವುಗಳಲ್ಲಿ ಯಾವುದಾದರೊಂದು ಊರಿನ ಕಾಲೇಜಿನ ಮುಂದೆ ಬೆಳಗಿನ ಗಂಟೆ ಬಾರಿಸುವ ಹೊತ್ತಿಗೆ ನಿಂತು ನೋಡಿರಿ. ಸುತ್ತಣ ಹಳ್ಳಿಗಳಿಂದ ಸೈಕಲ್ಲು ತುಳಿದು ಬಂದ ಹುಡುಗ ಹುಡುಗಿಯರೆಲ್ಲರೂ ಏಕಕಾಲಕ್ಕೆ ಆ ಬಾಗಿಲಲ್ಲಿ ನೆರೆಯುತ್ತಾರೆ. ನಮ್ಮ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿದ ಮೇಲೆ ಎಷ್ಟೋ ಹೆಣ್ಣುಮಕ್ಕಳಿಗೆ ದೂರದ ವಿದ್ಯೆ ಹತ್ತಿರವಾಯಿತು. ಆದರೆ ಹೀಗೆ ಬರುವವರಲ್ಲಿ ಯಾರು ಎಲ್ಲಿ ಬಿದ್ದರು, ಏಕೆ ಬಿದ್ದರು ಎಂಬುದಕ್ಕೆ ಉತ್ತರ ಹೇಳಬಲ್ಲ ಪುಸ್ತಕವನ್ನು ನಾನು ಯಾವ ಕಾಲೇಜಿನಲ್ಲಿಯೂ ಕಂಡಿಲ್ಲ.

ಪೊಲೀಸ್ ಠಾಣೆಯಲ್ಲಿ ದಾಖಲೆಯಿಲ್ಲವೇ ಎಂದು ನೀವು ಕೇಳಬಹುದು. ಇದೆ. ಅಪಘಾತಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ರಾಷ್ಟ್ರೀಯ ಯೋಜನೆಗೆ ಮೊದಲು ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಕಾಲೇಜಿನ ಅಂಗಳದ ಮರಳಿನಲ್ಲಿ ಜಾರಿ ಬಿದ್ದವಳು ಠಾಣೆಗೆ ಹೋಗುವುದಿಲ್ಲ. ಮನೆಗೆ ಹೋಗಿ ಅರಿಸಿನ ಹಚ್ಚಿಕೊಳ್ಳುತ್ತಾಳೆ.

ನಾನು ಉಪಾಧ್ಯಾಯನಾಗಿದ್ದ ಒಂದೆಡೆ, ದನಗಳು ಒಳನುಗ್ಗದಿರಲೆಂದು ಬಾಗಿಲಿನ ನೆಲಕ್ಕೆ ಕಬ್ಬಿಣದ ಕೊಳವೆಗಳನ್ನು ಹಾಸಿದ್ದರು. ದನಗಳೇನೋ ನಿಂತವು, ಸೈಕಲ್ಲಿನ ಗಾಲಿಗಳೂ ನಿಂತವು. ಒಬ್ಬ ವಿದ್ಯಾರ್ಥಿನಿ ಅಲ್ಲಿ ಬಿದ್ದು ಮುಂಗೈ ಮುರಿದುಕೊಂಡು ಆರು ವಾರ ತರಗತಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಆ ಆರು ವಾರವೂ ‘ಗೈರುಹಾಜರಿ’ ಎಂದೇ ಗುರುತು ಹಾಕಿದೆ. ಅವಳಿಗಿಂತ ಮುಂಚೆ ನಾಲ್ವರು ಅದೇ ಕೊಳವೆಗಳ ಮೇಲೆ ಬಿದ್ದಿದ್ದರೆಂಬುದು ಆಮೇಲೆ ತಿಳಿಯಿತು. ಒಂದೊಂದು ಸಂಗತಿಯೂ ಯಾರೋ ಒಬ್ಬರಿಗೆ ಗೊತ್ತಿತ್ತು. ನಾಲ್ಕೂ ಒಂದೇ ಹಾಳೆಯ ಮೇಲೆ ಇರಲಿಲ್ಲ.

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದನು. ಗುರುತುಗಳು ಒಂದು ಬೀದಿಯ ನೀರಿನ ಪಂಪಿನ ಸುತ್ತ ದಟ್ಟವಾಗಿದ್ದವು. ಆ ವಿದ್ಯೆ ನಮ್ಮ ಸೈಕಲ್ಲುಗಳಿಗೂ ಸಲ್ಲುತ್ತದೆ. ಬಿದ್ದ ದಿನ, ಹೊತ್ತು, ಸ್ಥಳ, ನೆಲ ಹೇಗಿತ್ತು, ಬ್ರೇಕು ಹಿಡಿಯುತ್ತಿತ್ತೇ, ಎಷ್ಟು ದಿನದ ಪಾಠ ತಪ್ಪಿತು, ಇಷ್ಟನ್ನು ಬರೆದಿಟ್ಟರೆ ಸಾಕು. ಗಾಯವಾಗದೆ ಬಿದ್ದದ್ದನ್ನೂ ಬರೆಯಬೇಕು. ನಾಳೆ ಅಲ್ಲಿಯೇ ಕೈ ಮುರಿಯಬಹುದು. ದಿನಕ್ಕೆ ಎಷ್ಟು ಸೈಕಲ್ಲುಗಳು ಬರುತ್ತವೆಂಬ ಎಣಿಕೆಯೂ ಜೊತೆಗಿರಬೇಕು. ನಾನೂರು ಸೈಕಲ್ಲುಗಳು ಬರುವಲ್ಲಿ ಹತ್ತು ಮಂದಿ, ಐವತ್ತು ಬರುವಲ್ಲಿ ಐದು ಮಂದಿ ಬಿದ್ದರೆಂದು ಇಟ್ಟುಕೊಳ್ಳಿ. ಹೆಚ್ಚು ಅಪಾಯದ ಸ್ಥಳ ಎರಡನೆಯದು. ಬರಿಯ ಬಿದ್ದವರ ಸಂಖ್ಯೆ ನಮ್ಮನ್ನು ದಾರಿತಪ್ಪಿಸೀತು.

ಇಂತಹ ಪುಸ್ತಕದಿಂದ ಸಂಸ್ಥೆಗೆ ಕೆಟ್ಟ ಹೆಸರು ಬರುವುದೆಂದು ಕೆಲವರು ಅಂಜುತ್ತಾರೆ. ನನ್ನನ್ನು ಕಾಡುವ ಅಂಜಿಕೆ ಬೇರೆ. ಮಗಳು ಬಿದ್ದಳೆಂಬ ಸುದ್ದಿ ತಿಳಿದರೆ ಸೈಕಲ್ಲನ್ನೂ ಅದರೊಡನೆ ಓದನ್ನೂ ಬಿಡಿಸುವ ತಂದೆಯರಿದ್ದಾರೆ. ಆದುದರಿಂದಲೇ ಹುಡುಗಿಯರು ಗಾಯವನ್ನು ಮುಚ್ಚಿಡುತ್ತಾರೆ. ಪುಸ್ತಕದಲ್ಲಿ ಹೆಸರು ಬೇಡ, ಬಿದ್ದವರಿಗೆ ಬೈಗುಳವೂ ಬೇಡ. ಇನ್ನೂರು ಪುಟದ ಒಂದು ನೋಟುಪುಸ್ತಕ, ದಾರ ಕಟ್ಟಿದ ಒಂದು ಪೆನ್ಸಿಲು ಸೈಕಲ್ ಸ್ಟ್ಯಾಂಡಿನ ಕಾವಲುಗಾರನ ಬಳಿ ಇರಲಿ. ತಿಂಗಳ ಕೊನೆಯಲ್ಲಿ ವಿದ್ಯಾರ್ಥಿಗಳೇ ಕಾಲೇಜಿನ ನಕ್ಷೆ ಬರೆದು, ಬಿದ್ದ ಕಡೆಯಲ್ಲೆಲ್ಲ ಒಂದೊಂದು ಚುಕ್ಕೆಯಿಟ್ಟು, ಪ್ರಾಂಶುಪಾಲರ ಮೇಜಿನ ಮೇಲೆ ಇರಿಸಲಿ.