ರಾಜಿಗೆ ಕೂತವರು ಯಾರು?



ಪೊಲಿಟಿಕಲ್ ಸೈನ್ಸ್ ನೋಟ್ಸಿನಲ್ಲಿ ಒಂದು ಮಾತು ಬರುತ್ತೆ: ಮೋಡಸ್ ವಿವೆಂಡಿ. ಮೇಷ್ಟ್ರು ಬರೆಸ್ತಾರೆ, ನಾವು ಉರು ಹೊಡೀತೀವಿ, ಪರೀಕ್ಷೇಲಿ ಕಕ್ಕಿ ಬರ್ತೀವಿ. ಲ್ಯಾಟಿನ್ ಭಾಷೆಯ ಈ ಮಾತಿಗೆ ಅರ್ಥ ಇಷ್ಟೇ, ಬದುಕುವ ರೀತಿ. ಜಗಳ ತೀರಿಲ್ಲ, ಯಾರೂ ತಮ್ಮ ಹಕ್ಕು ಬಿಟ್ಟಿಲ್ಲ, ಕಡೇ ತೀರ್ಮಾನ ಆಗೋವರೆಗೆ ಹೊಡೆದಾಡದೆ ಇರೋಣ ಅಂತ ಎರಡು ಕಡೆಯವರು ಮಾಡಿಕೊಳ್ಳುವ ತಾತ್ಕಾಲಿಕ ಏರ್ಪಾಡು. ಕೇಳೋಕೆ ಚೆನ್ನಾಗೇ ಇದೆ. ನಮ್ಮ ಊರುಗಳಲ್ಲಿ ಇದಕ್ಕೆ ಲ್ಯಾಟಿನ್ ಬೇಕಿಲ್ಲ. ‘ಹೊಂದ್ಕೊಂಡು ಹೋಗ್ರಪ್ಪ’ ಅಂತಾರೆ.

ಮೆಕ್ಸಿಕೋ ದೇಶದ ಕಥೆ ನೋಡಿ. ಅಲ್ಲಿ 1917ರ ಸಂವಿಧಾನ ಚರ್ಚಿನ ಆಸ್ತಿಗೆ, ಶಾಲೆಗೆ, ಅಧಿಕಾರಕ್ಕೆ ಕಡಿವಾಣ ಹಾಕಿತ್ತು. 1926ರಲ್ಲಿ ಅಧ್ಯಕ್ಷ ಕಾಯೆಸ್ ಅದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟ. ಬಿಷಪ್ಪರು ಚರ್ಚುಗಳಲ್ಲಿ ಪೂಜೆ ನಿಲ್ಲಿಸಿದರು. ಹಾಲಿಸ್ಕೋ ಮೊದಲಾದ ಪ್ರಾಂತ್ಯಗಳ ಬಡ ರೈತರು ಬಂದೂಕು ಹಿಡಿದರು, ಮೂರು ವರ್ಷ ಕಾದಾಡಿದರು. ಎದುರುಗಡೆ ಸೈನ್ಯದ ಜೊತೆ ನಿಂತವರಲ್ಲೂ ಸರ್ಕಾರದಿಂದ ಜಮೀನು ಪಡೆದ ಬಡ ರೈತರಿದ್ದರು. (ಪಾದ್ರಿಗಳ ವಕಾಲತ್ತು ನಮಗೆ ಬೇಕಾಗಿಲ್ಲ. ಎರಡೂ ಕಡೆ ಸತ್ತವರು ಯಾರು ಅನ್ನೋದಷ್ಟೇ ನಮ್ಮ ಪ್ರಶ್ನೆ.) 1929ರ ಜೂನಿನಲ್ಲಿ ರಾಜಿ ಆಯ್ತು. ಕೂತವರು ಅಧ್ಯಕ್ಷ ಪೋರ್ಟೆಸ್ ಹಿಲ್ ಮತ್ತು ಇಬ್ಬರು ಬಿಷಪ್ಪರು. ನಡುವೆ ಓಡಾಡಿದವನು ಅಮೆರಿಕದ ರಾಯಭಾರಿ ಮಾರೋ. ಬಂದೂಕು ಹಿಡಿದಿದ್ದ ರೈತರ ಕಡೆಯಿಂದ ಒಬ್ಬನೂ ಇರಲಿಲ್ಲ. ಕಾನೂನಿನ ಒಂದಕ್ಷರ ತಿದ್ದಲಿಲ್ಲ, ಬರೀ ಹೇಳಿಕೆ ಕೊಟ್ಟರು. ಚರ್ಚಿನ ಗಂಟೆ ಮತ್ತೆ ಬಾರಿಸಿತು. ರೈತರು ಬಂದೂಕು ಒಪ್ಪಿಸಿ ಮನೆಗೆ ಹೋದರು. ಆಮೇಲೆ ಅವರ ಮುಖಂಡರಲ್ಲಿ ಅನೇಕರನ್ನು ಹುಡುಕಿ ಹುಡುಕಿ ಕೊಂದರು. ಬದುಕುವ ರೀತಿ ಸಿಕ್ಕಿದ್ದು ಮೇಜಿನ ಸುತ್ತ ಕೂತವರಿಗೆ.

ನಮ್ಮ ಮನೆಯ ಕಥೆಗೆ ಬನ್ನಿ. 1932ರ ಸೆಪ್ಟೆಂಬರ್ 24, ಪೂನಾ ಒಪ್ಪಂದ. ಯರವಾಡ ಜೈಲಿನಲ್ಲಿ 20ನೇ ತಾರೀಖಿನಿಂದ ಗಾಂಧೀಜಿ ಉಪವಾಸ. ಅವರ ಜೀವಕ್ಕೇನಾದ್ರೂ ಆಗಿದ್ರೆ ಬೆಂಕಿ ಯಾವ ಕೇರಿಗೆ ಬೀಳ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಬಾಬಾಸಾಹೇಬರು ಖುದ್ದು ಕೂತಿದ್ದರು. ಪ್ರತ್ಯೇಕ ಮತಕ್ಷೇತ್ರ ಹೋಯ್ತು. ಪ್ರಾಂತ್ಯಗಳಲ್ಲಿ 148 ಮೀಸಲು ಸ್ಥಾನ ಬಂತು. ಒಂದೊಂದು ಸ್ಥಾನಕ್ಕೂ ನಾಲ್ವರನ್ನು ಮೊದಲು ನಮ್ಮವರೇ ಆರಿಸಬೇಕು, ಆ ಪದ್ಧತಿಗೆ ಹತ್ತು ವರ್ಷದ ಗಡುವು. ನಾಲ್ವರಲ್ಲಿ ಗೆಲ್ಲೋನು ಯಾರು ಅನ್ನೋದು ಮಾತ್ರ ಎಲ್ಲರ ಓಟಿನ ಕೈಲಿ, ಅಂದ್ರೆ ಸವರ್ಣೀಯರ ಕೈಲಿ. ಸಹಿ ಹಾಕಿದೆ, ಇನ್ನು ಬಾಯಿ ಮುಚ್ಚಬೇಕು ಅಂತ ಬಾಬಾಸಾಹೇಬರು ಅಂದುಕೊಳ್ಳಲಿಲ್ಲ. 1945ರಲ್ಲಿ ಪುಸ್ತಕವನ್ನೇ ಬರೆದು ಆ ಒಪ್ಪಂದವನ್ನು ಬಿಚ್ಚಿಟ್ಟರು.

ಈಗ ಊರಿನ ಮಾತು. ಹೋಟ್ಲಲ್ಲಿ ಬೇರೆ ಲೋಟ, ಗುಡಿಯ ಬಾಗಿಲಲ್ಲಿ ತಡೆ, ಜಾತ್ರೇಲಿ ಹೊಡೆತ. ಕಂಪ್ಲೇಂಟ್ ಕೊಟ್ಟ ಮಾರನೇ ದಿನ ಊರ ಯಜಮಾನರು ಕೇರಿಗೆ ಬರ್ತಾರೆ. ಅದಕ್ಕೆ ಶಾಂತಿ ಸಭೆ ಅಂತ ಹೆಸರು. ಕೂಲಿ ಅವರ ಹೊಲದ್ದು, ಸಾಲ ಅವರದು, ಕೇರಿಗೆ ಹೋಗೋ ದಾರಿಯೂ ಅವರ ಬದುವಿನ ಮೇಲೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಾನೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಬರುವ ಅಪರಾಧ ಹೀಗೆ ಜಗಲಿ ಮೇಲೆ ಕೂತು ಮುಗಿಸುವಂಥದ್ದಲ್ಲ ಅಂತ ಅವನಿಗೆ ಯಾರೂ ಹೇಳಿರೋದಿಲ್ಲ.

ಹಾಗಂತ ಅಪ್ಪನನ್ನು ಹೇಡಿ ಅನ್ನೋ ಚಾಳಿ ನಮ್ಮ ಹಾಸ್ಟೆಲ್ಲುಗಳಲ್ಲಿದೆ. ತಪ್ಪು. ನಾವು ಸರ್ಕಾರದ ಅನ್ನ ತಿಂದು ಇಲ್ಲಿ ಭಾಷಣ ಬಿಗೀತೀವಿ, ನಾಳೆ ಬೆಳಗ್ಗೆ ಆ ಹೊಲಕ್ಕೆ ಇಳಿಯೋನು ಅವನು. ಒಂದು ರಾತ್ರಿ ಉಸಿರಾಡೋಕೆ ರಾಜಿ ಬೇಕಾಗಬಹುದು, ನಾವು ಇಲ್ಲ ಅನ್ನಲ್ಲ. ಆದರೆ ಮಾತಿಗೆ ಕೂರುವಾಗ ಕೇರಿಯ ಹೆಂಗಸರೂ ಇರ್ಲಿ, ಪೆಟ್ಟು ತಿಂದವನೂ ಇರ್ಲಿ. ಗಡುವು ಬರೆಸಿ. ಕಂಪ್ಲೇಂಟ್ ವಾಪಸ್ ಅನ್ನೋ ಸಾಲು ಕಂಡ್ರೆ ಹೆಬ್ಬೆಟ್ಟು ಬೇಡ.

ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನ ಟ್ರಂಕಿನಲ್ಲಿ ಹಳೇ ಮುಚ್ಚಳಿಕೆ, ರಾಜಿ ಪತ್ರ ಏನಾದ್ರೂ ಇದ್ರೆ ನಕಲು ಮಾಡಿ ತನ್ನಿ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಕೂತು ಓದೋಣ.